ಡಿಶ್ ಎತ್ತಿ ಗುಡ್ಡದ ಮೇಲಿಡಲು ಯಾರ ಅಪ್ಪಣೆ ಬೇಕು?

ದೂರಸಂಪರ್ಕ ಇಲಾಖೆಯ ಕಾರ್ಯದರ್ಶಿಗಳಿಗೆ,
ಸಂಚಾರ ಭವನ, ಅಶೋಕ ರಸ್ತೆ, ನವದೆಹಲಿ

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನವನು. ಮೂರು ಎಕರೆ ಅಡಿಕೆ ತೋಟ ಅಪ್ಪನಿಂದ ಬಂತು. ಡಿಶ್ ಕೂರಿಸುವ ಕಸುಬು ನಾನೇ ಹಚ್ಚಿಕೊಂಡದ್ದು. ಅದಕ್ಕೀಗ ಇಪ್ಪತ್ತು ವರ್ಷ ದಾಟಿತು. ಸುತ್ತಲಿನ ಹಳ್ಳಿಗಳಲ್ಲಿ ಮನೆ ಮಾಡಿಗೆ, ಕೊಟ್ಟಿಗೆ ಗೋಡೆಗೆ, ಒಂದೆರಡು ಕಡೆ ಕಡಿದುಳಿದ ಮರದ ಬುಡಕ್ಕೂ ಟಿವಿ ಡಿಶ್ ಬಿಗಿದಿದ್ದೇನೆ. ನಡುವೆ ಐದಾರು ವರ್ಷ ವಿಸ್ಯಾಟ್ (ಉಪಗ್ರಹದ ಮೂಲಕ ಬ್ಯಾಂಕು, ಕಚೇರಿಗಳಿಗೆ ಸಂಪರ್ಕ ಕೊಡುವ ಡಿಶ್) ಕೆಲಸಕ್ಕೂ ಹೋಗುತ್ತಿದ್ದೆ. ಹಾಗಾಗಿ ಈ ಪತ್ರವನ್ನು ಅರ್ಧ ಬಳಕೆದಾರನಾಗಿ, ಅರ್ಧ ಸ್ಪ್ಯಾನರ್ ಹಿಡಿಯುವವನಾಗಿ ಬರೆಯುತ್ತಿದ್ದೇನೆ.

2025ರ ಜೂನ್‌ನಲ್ಲಿ ಉಪಗ್ರಹದಿಂದ ನೇರ ಮನೆಗೆ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿಗೆ ನಿಮ್ಮ ಇಲಾಖೆ ಪರವಾನಗಿ ಕೊಟ್ಟಿತು. ಅದಕ್ಕೂ ಮೊದಲೇ ಒನ್‌ವೆಬ್‌ಗೂ ಜಿಯೋದ ಉಪಗ್ರಹ ಕಂಪನಿಗೂ ಕೊಟ್ಟಾಗಿತ್ತು. ಪೇಪರಿನಲ್ಲಿ ಸುದ್ದಿ ಬಂದ ದಿನದಿಂದ ನನಗೆ ಸಂತೆಯಲ್ಲಿ, ಸೊಸೈಟಿ ಕಟ್ಟೆಯಲ್ಲಿ, ಶ್ರಾದ್ಧದ ಊಟದ ಪಂಕ್ತಿಯಲ್ಲಿ ಕೂಡ ಒಂದೇ ಪ್ರಶ್ನೆ. ಎಷ್ಟು ದುಡ್ಡು ಎಂಬುದು ಆಮೇಲೆ ಬರುತ್ತದೆ. ಮೊದಲು ಕೇಳುವುದು, "ಅಲ್ದೋ, ಅದನ್ನ ಬೇಕಾದ್ರೆ ಎತ್ಕೊಂಡು ಗುಡ್ಡದ ಮೇಲೆ ಇಡ್ಲಕ್ಕಾ?" ಯಂತ್ರದ ಬಗ್ಗೆ ಕೇಳಿದರೆ ನನ್ನ ಹತ್ತಿರ ಉತ್ತರವಿದೆ. ಇಡಬಹುದು, ಹತ್ತು ನಿಮಿಷದ ಕೆಲಸ. ಕಾನೂನಿನ ಬಗ್ಗೆ ಕೇಳಿದರೆ ಮೈ ಪರಚಿಕೊಳ್ಳುತ್ತೇನೆ. ಆ ಉತ್ತರವನ್ನು ನಿಮ್ಮಿಂದ ಪಡೆಯಲು ಈ ಪತ್ರ.

ನಮ್ಮೂರ ಹಿರಿಯರ ಬಾಯಲ್ಲಿ ಎಲ್ಲ ಡಿಶ್ಶೂ 'ಕೊಡೆ'ಯೇ. ಆದರೆ ಟಿವಿ ಕೊಡೆ ಬರೀ ಕೇಳಿಸಿಕೊಳ್ಳುತ್ತದೆ, ಇಂಟರ್‌ನೆಟ್ ಕೊಡೆ ತಿರುಗಿ ಮಾತೂ ಆಡುತ್ತದೆ. ಕೇಳಿಸಿಕೊಳ್ಳುವವನು ಎಲ್ಲಿ ಕೂತರೂ ಯಾರಿಗೂ ತೊಂದರೆಯಿಲ್ಲ. ಟಿವಿ ಡಿಶ್ಶನ್ನು ಮಂಗ ತಿರುಗಿಸಿಟ್ಟರೆ ಆ ಮನೆಯ ಧಾರಾವಾಹಿ ನಿಲ್ಲುತ್ತದೆ, ಅಷ್ಟೆ. ಮಾತಾಡುವವನು ತಪ್ಪು ಕಡೆ ಮುಖ ಮಾಡಿ ಕೂಗಿದರೆ ಪಕ್ಕದ ಮನೆಯವರಿಗೂ ಕಿರಿಕಿರಿ. ನಿಮ್ಮ ಇಲಾಖೆಯ ಹಳೆಯ ನಿಯಮಗಳೆಲ್ಲ ಹುಟ್ಟಿದ್ದು ಈ ಒಂದು ಭಯದಿಂದ. ಆ ಭಯ ಸುಳ್ಳಲ್ಲ ಎಂಬುದನ್ನು ಹತ್ತಿರದಿಂದ ನೋಡಿದವನು ನಾನು.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಘಟ್ಟದಂಚಿನ ಒಂದು ಊರಿನಲ್ಲಿ ಬ್ಯಾಂಕಿನ ಶಾಖೆಗೆ ವಿಸ್ಯಾಟ್ ಕೂರಿಸಬೇಕಿತ್ತು. ಬೆಂಗಳೂರಿನಿಂದ ಇಂಜಿನಿಯರ್ ಬಂದರು, ನಾನು ಸಹಾಯಕ. ಡಿಶ್ಶನ್ನು ಉಪಗ್ರಹದ ಕಡೆ ತಿರುಗಿಸಿ ಸಿಗ್ನಲ್ ಹಿಡಿಯುವುದು ಅರ್ಧ ಗಂಟೆಯಲ್ಲಿ ಮುಗಿಯಿತು. ಅಸಲಿ ಕೆಲಸ ಆಮೇಲಿನದು. ನಾವು ಇಲ್ಲಿಂದ ಕ್ಯಾರಿಯರ್, ಅಂದರೆ ಪರೀಕ್ಷೆಯ ರೇಡಿಯೋ ಅಲೆ, ಬಿಡಬೇಕು, ದೂರದ ಹಬ್‌ನಲ್ಲಿ (ಜಾಲದ ಮುಖ್ಯ ಕೇಂದ್ರದಲ್ಲಿ) ಕೂತವರು ಅದನ್ನು ಅಳೆದು, ಪೋಲರೈಸೇಶನ್, ಅಂದರೆ ಅಲೆ ಅಡ್ಡವೋ ಉದ್ದವೋ ಎಂಬ ದಿಕ್ಕು, ಸರಿಯಿದೆಯೋ ಇಲ್ಲವೋ ಹೇಳಬೇಕು. ಕೂದಲೆಳೆಯಷ್ಟು ತಿರುಗಿಸು, ನಿಲ್ಲಿಸು, ಅಳೆ, ಮತ್ತೆ ತಿರುಗಿಸು. ಒಂದು ದಿಕ್ಕಿನ ಅಲೆ ಇನ್ನೊಂದಕ್ಕೆ ಸೋರುತ್ತಿಲ್ಲ ಎಂದು ತೋರಿಸುವ ಅಳತೆ ಸಾಮಾನ್ಯವಾಗಿ 30 ಡಿಬಿ (ಡೆಸಿಬೆಲ್) ಬರುವವರೆಗೆ ಬಿಡುವುದಿಲ್ಲ. ಇದಿಷ್ಟೂ ನಡೆಯುವುದು ಫೋನಿನಲ್ಲಿ, ಆವತ್ತು ಶಾಖೆಯ ಲ್ಯಾಂಡ್‌ಲೈನ್ ಸತ್ತಿತ್ತು. ಮೊಬೈಲಿಗೆ ಎರಡು ಕಡ್ಡಿ ಸಿಗುತ್ತಿದ್ದುದು ಇನ್ನೂರು ಮಾರು ಮೇಲೆ, ನೇರಳೆ ಮರದ ಬುಡದಲ್ಲಿ ಮಾತ್ರ. ಅಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿದೆವು. ಹಬ್‌ನವರು ಅವನಿಗೆ ಹೇಳುವುದು, ಅವನು ದಾರಿಯಲ್ಲಿ ನಿಂತ ಇನ್ನೊಬ್ಬನಿಗೆ ಕೂಗುವುದು, ಅವನು ನನಗೆ, ನಾನು ಮಾಡಿನ ಮೇಲಿದ್ದ ಇಂಜಿನಿಯರಿಗೆ. "ಎಡಕ್ಕೆ ಒಂಚೂರು!" ಎಂದು ಹೊರಟದ್ದು ಕೆಳಗೆ ಬರುವಷ್ಟರಲ್ಲಿ "ಬಲಕ್ಕೆ" ಆಗಿರುತ್ತಿತ್ತು. ಬಾಹ್ಯಾಕಾಶಕ್ಕೆ ಮಾತಾಡುವ ಯಂತ್ರವನ್ನು ನಾವು ದನ ಕಾಯುವವರ ಕೂಗಿನಲ್ಲಿ ಕೂರಿಸಿದೆವು. ಸಂಜೆ ಐದೂವರೆಗೆ 30 ಬಂತು.

ಇಷ್ಟು ನಾಜೂಕು ಯಾಕೆಂದರೆ ಆ ಉಪಗ್ರಹಗಳು ನಿಂತಿರುವುದು ಭೂಮಧ್ಯರೇಖೆಯ ಮೇಲೆ, 36,000 ಕಿಲೋಮೀಟರ್ ಎತ್ತರದಲ್ಲಿ, ಒಂದರ ಪಕ್ಕ ಒಂದು. ನಮ್ಮ ಡಿಶ್ ಒಂದೆರಡು ಡಿಗ್ರಿ ಆಚೀಚೆ ಆದರೂ ಪಕ್ಕದ ಉಪಗ್ರಹದ ಕಿವಿಗೆ ನಮ್ಮ ಗಲಾಟೆ ಬೀಳುತ್ತದೆ, ಪೋಲರೈಸೇಶನ್ ತಪ್ಪಿದರೆ ಅದೇ ಉಪಗ್ರಹ ಬಳಸುವ ಬೇರೆಯವರ ಕಿವಿಗೆ. ಅದಕ್ಕೇ ತರಬೇತಿ ಇರುವವನೇ ಕೂರಿಸಬೇಕು, ಕೂರಿಸಿದ ಮೇಲೆ ಅಲುಗಿಸಬಾರದು, ಜಾಗದ ಅಕ್ಷಾಂಶ ರೇಖಾಂಶ ಬರೆದಿಡಬೇಕು, ಜಾಗ ಬದಲಾದರೆ ಹೊಸದಾಗಿ ತಿಳಿಸಬೇಕು ಎಂಬ ನಿಯಮಗಳು. ನಾನು ಅವನ್ನು ಯಾವತ್ತೂ ಆಡಿಕೊಂಡಿಲ್ಲ.

ಆಡಿಕೊಳ್ಳಬೇಕಾದದ್ದು ಬೇರೆ. ಆ ಶಾಖೆಯ ಹಿಂದಿದ್ದ ಹಲಸಿನ ಮರ ನಾಲ್ಕೈದು ವರ್ಷದಲ್ಲಿ ಬೆಳೆದು ಡಿಶ್ಶಿನ ಕಣ್ಣಿಗೆ ಅಡ್ಡ ಬಂತು. ಮಳೆಗಾಲದಲ್ಲಿ ಎಲೆ ತೊಯ್ದರೆ ಲಿಂಕ್ ಬಿತ್ತು ಎಂದೇ ಲೆಕ್ಕ. ಮರ ಕಡಿಯುವುದು ಬೇಡ, ಡಿಶ್ಶನ್ನೇ ನಲವತ್ತು ಅಡಿ ಆಚೆಗೆ ಸರಿಸೋಣ ಎಂದು ನಾನೇ ಹೇಳಿದೆ. ಕೆಲಸ ಅರ್ಧ ದಿನದ್ದು. ಕಾಗದ ಓಡಾಡಿದ್ದು ಮಾತ್ರ ಒಂದು ಇಡೀ ಮಳೆಗಾಲ. ಎಲ್ಲಿ ತಡವಾಯಿತು, ಯಾರ ಮೇಜಿನ ಮೇಲೆ ಎಂದು ನಾನಿಲ್ಲಿ ಹೇಳಲು ಹೋಗುವುದಿಲ್ಲ; ಎಲ್ಲರೂ ಅವರವರ ನಿಯಮ ಪಾಲಿಸಿದವರೇ. ಆ ನಾಲ್ಕು ತಿಂಗಳು ಪಿಂಚಣಿ ಮುದುಕರು ಬಸ್ಸು ಹತ್ತಿ ಮೂವತ್ತು ಕಿಲೋಮೀಟರ್ ದೂರದ ಪೇಟೆಗೆ ಹೋಗಿ ದುಡ್ಡು ತಂದರು. ಹಲಸಿನ ಮರ ಈಗಲೂ ಇದೆ, ಚಂದ್ರಬಕ್ಕೆ, ಬಲು ರುಚಿ.

ಈಗ ಹೊಸ ಡಿಶ್ಶಿನ ವಿಚಾರ. ನನ್ನ ಭಾವಮೈದ ಅಮೆರಿಕದಲ್ಲಿದ್ದಾನೆ. ಅವನು ವಿಡಿಯೋ ಕಾಲಿನಲ್ಲಿ ತೋರಿಸಿದ: ಚಪ್ಪಟೆ ಹಲಗೆಯಂಥದ್ದನ್ನು ಮನೆಮುಂದಿನ ಹುಲ್ಲಿನ ಮೇಲೆ ಇಟ್ಟ, ವೈರ್ ಸಿಕ್ಕಿಸಿದ, ಕಾಫಿ ಮಾಡಿಕೊಂಡು ಬಂದ, ಅಷ್ಟರಲ್ಲಿ ಇಂಟರ್‌ನೆಟ್ ಬಂದಿತ್ತು. ಅಳತೆಯಿಲ್ಲ, ಹಬ್‌ಗೆ ಫೋನಿಲ್ಲ, ನೇರಳೆ ಮರದ ಹುಡುಗನಿಲ್ಲ. ಸಣ್ಣ ಮಾದರಿಯಂತೂ ಒಂದು ಕಿಲೋ ಚಿಲ್ಲರೆ ತೂಕ. ಇಪ್ಪತ್ತು ವರ್ಷ ಇದೇ ಕಸುಬು ಮಾಡಿದವನಿಗೆ ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. "ಮುಂದಿನ ಸಲ ಬರುವಾಗ ಸೂಟ್‌ಕೇಸಲ್ಲಿ ತರ್ಲಾ ಭಾವಾ?" ಎಂದ. ಬೇಡ ಮಾರಾಯ, ಸ್ಯಾಟಲೈಟ್ ಫೋನ್ ತಂದವರನ್ನೇ ಏರ್‌ಪೋರ್ಟಿನಲ್ಲಿ ಹಿಡಿದು ಕೂರಿಸುತ್ತಾರೆ ಎಂದೆ.

ಹೊಸದರ ಗುಟ್ಟು ಇಷ್ಟು. ಅದರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಮೇಲೆ ಓಡುತ್ತಿರುತ್ತವೆ, ಒಂದೂ ನಿಲ್ಲುವುದಿಲ್ಲ. ಹಲಗೆಯೊಳಗಿನ ನೂರಾರು ಪುಟ್ಟ ಆಂಟೆನಾಗಳು ಕಿರಣವನ್ನು ತಾವೇ ತಿರುಗಿಸಿಕೊಂಡು ಒಂದರಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತವೆ. ಅಂದರೆ 'ತಪ್ಪಾಗಿ ತಿರುಗಿಸುವ' ಕೆಲಸವೇ ಮನುಷ್ಯನ ಕೈಯಲ್ಲಿ ಇಲ್ಲ. ಹಳೆಯ ನಿಯಮಕ್ಕೆ ಬುಡವಾಗಿದ್ದ ಭಯ ಇಲ್ಲಿ ಅನ್ವಯಿಸುವುದಿಲ್ಲ.

ಆದರೆ ಇದರಲ್ಲೊಂದು ತಿರುವಿದೆ, ದಿಲ್ಲಿಯಲ್ಲಿ ಕೂತು ನೋಡಿದರೆ ಕಾಣುವಂಥದ್ದಲ್ಲ. 74 ಡಿಗ್ರಿ ಪೂರ್ವದಲ್ಲಿರುವ ನಮ್ಮ ಜಿಸ್ಯಾಟ್-11 ಉಪಗ್ರಹ ನನ್ನ ಮನೆಯ ಮಟ್ಟಿಗೆ ಹೆಚ್ಚೂಕಡಿಮೆ ನಡುನೆತ್ತಿಯ ಮೇಲಿದೆ, ದಿಗಂತದಿಂದ 73 ಡಿಗ್ರಿ ಎತ್ತರದಲ್ಲಿ. ಹಳೆಯ ಡಿಶ್ಶಿಗೆ ಎಲೆಗಳ ನಡುವೆ ಅಷ್ಟಗಲದ ಒಂದು ಕಿಂಡಿ ಸಿಕ್ಕರೆ ಸಾಕು, ಕಣಿವೆಯ ತಳದಲ್ಲೂ ವರ್ಷಗಟ್ಟಲೆ ಕೂತಿರುತ್ತದೆ. ಹೊಸ ಡಿಶ್ಶಿಗೆ ನೂರು ಡಿಗ್ರಿಗೂ ಅಗಲವಾಗಿ ಆಕಾಶ ತೆರೆದಿರಬೇಕು. ಕಿಂಡಿ ಸಾಲದು, ಇಡೀ ಚಪ್ಪರವೇ ಬಿಚ್ಚಿರಬೇಕು. ಕದಲಿಸಲಾರದ ಡಿಶ್ಶಿಗೆ ಕದಲುವ ಅಗತ್ಯವಿಲ್ಲ. ಸುಲಭವಾಗಿ ಕದಲುವ ಡಿಶ್ಶನ್ನು ಮಲೆನಾಡಿನಲ್ಲಿ ಕದಲಿಸದೆ ಗತಿಯಿಲ್ಲ.

ಹೋದ ವರ್ಷ ಒಂದು ಭಾನುವಾರ ನನ್ನ ಇನ್‌ಕ್ಲಿನೋಮೀಟರ್ (ಕೋನ ಅಳೆಯುವ ಸಾಧನ) ಹಿಡಿದು, ಸುತ್ತಲಿನದು ದಿಗಂತದಿಂದ ಎಷ್ಟು ಎತ್ತರಕ್ಕೆ ಅಡ್ಡ ಬರುತ್ತದೆ ಎಂದು ಮನೆಯ ಸುತ್ತ ಅಳೆದೆ. ಅಂಗಳದ ನಡುವೆ ನಿಂತರೆ ಪೂರ್ವಕ್ಕೆ ಅಡಿಕೆ ಮರದ ತಲೆ 55 ಡಿಗ್ರಿ, ದಕ್ಷಿಣಕ್ಕೆ ಗುಡ್ಡ 35, ಪಶ್ಚಿಮಕ್ಕೆ ಮನೆಯ ಹಂಚಿನ ಮಾಡು 40. ಉತ್ತರ ಒಂದೇ ಪರವಾಗಿಲ್ಲ. ಅಂಗಳ ಹೇಗೋ ನಡೆಯುತ್ತದೆ ಎನ್ನೋಣ. ಆದರೆ ದೀಪಾವಳಿ ಕಳೆದರೆ ಅಂಗಳ ಅಡಿಕೆಯದು. ಚಪ್ಪರ ಏಳುತ್ತದೆ, ಅದರ ಮೇಲೆ ತಟ್ಟಿ ಹಾಸಿ ಬೇಯಿಸಿದ ಅಡಿಕೆ ಹರವುತ್ತಾರೆ. ಡಿಶ್ ಇಡಲು ಅಲ್ಲಿ ಅಂಗೈಯಗಲ ಜಾಗ ಸಿಕ್ಕದು. ಆಗ ಅದನ್ನು ಮನೆಯ ಹಿಂದಿನ ಸೊಪ್ಪಿನಬೆಟ್ಟದ ನೆತ್ತಿಗೆ ಒಯ್ಯಬೇಕು, ಮುನ್ನೂರು ಮೀಟರ್. ಅಲ್ಲಿ ಆಕಾಶ ತಟ್ಟೆಯಂತೆ ಬಿಚ್ಚಿದೆ. ಏಪ್ರಿಲ್‌ನಲ್ಲಿ ಗುಡುಗು ಶುರುವಾದರೆ ಬೆಟ್ಟದ ನೆತ್ತಿಯಲ್ಲಿ ಲೋಹದ ಕಂಬ ನಿಲ್ಲಿಸುವುದು ಹುಚ್ಚುತನ, ಮತ್ತೆ ಕೆಳಗಿಳಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಪಾಚಿ. ಕೊಟ್ಟಿಗೆಯ ತಗಡಿನ ಮಾಡೇ ಗತಿ. ವರ್ಷಕ್ಕೆ ಮೂರು ಸಲ, ಮೂರು ಜಾಗ. ಇದರಲ್ಲಿ ಒಂದು ಜಾಗ ನನ್ನ ಹೆಸರಿನ ಸರ್ವೆ ನಂಬರಿನಲ್ಲೂ ಇಲ್ಲ.

ಸೊಪ್ಪಿನಬೆಟ್ಟ ಎಂದರೆ ಏನು ಎಂದು ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಗೊತ್ತಿದೆಯೋ ಇಲ್ಲವೋ. ತೋಟಕ್ಕೆ ಸೊಪ್ಪು ತರಲು ಬೆಳೆಗಾರನಿಗೆ ಹಕ್ಕಿರುವ, ಆದರೆ ಅವನ ಆಸ್ತಿಯಲ್ಲದ ಕಾಡು. ಅಲ್ಲಿ ಗುಂಡಿ ತೋಡಿ ಕಾಂಕ್ರೀಟ್ ಕಂಬ ನಿಲ್ಲಿಸಿದರೆ ಅರಣ್ಯ ಇಲಾಖೆಯವರು ಕೇಳುವುದು ನ್ಯಾಯವೇ. ಮೂರು ಕಾಲಿನ ಸ್ಟ್ಯಾಂಡ್ ತಂದು ನೆಲದ ಮೇಲಿಟ್ಟು, ಮಗಳ ಪರೀಕ್ಷೆ ಮುಗಿದ ಮೇಲೆ ಮಡಚಿ ಹೆಗಲಿಗೇರಿಸಿಕೊಂಡು ಬಂದರೆ ಅದು 'ಸ್ಥಾಪನೆ'ಯೋ? ದನ ಮೇಯಿಸಲು ಹೋದವನು ಕಂಬಳಿ ಹಾಸಿ ಕೂತರೆ ಮನೆ ಕಟ್ಟಿದ ಎನ್ನುತ್ತೇವೆಯೇ? ನಿಯಮ ಬರೆಯುವವರು ಈ ಒಂದು ವ್ಯತ್ಯಾಸವನ್ನು ಬಿಡಿಸಿ ಬರೆಯಲೇಬೇಕು: ನೆಲಕ್ಕೆ ಹೂತದ್ದು ಬೇರೆ, ನೆಲದ ಮೇಲಿಟ್ಟದ್ದು ಬೇರೆ.

ಇನ್ನೊಂದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2025ರ ಮೇ ತಿಂಗಳಲ್ಲಿ ಕೊಟ್ಟ ಶಿಫಾರಸಿನಲ್ಲಿ, ಹೀಗೆ ಓಡುವ ಉಪಗ್ರಹಗಳಿಂದ ಸೇವೆ ಕೊಡುವ ಕಂಪನಿಗಳು ನಗರದ ಪ್ರತಿ ಗ್ರಾಹಕನ ಲೆಕ್ಕದಲ್ಲಿ ವರ್ಷಕ್ಕೆ 500 ರೂಪಾಯಿ ಹೆಚ್ಚು ಕಟ್ಟಬೇಕು, ಹಳ್ಳಿಯವರಿಗೆ ಅದು ಬೇಡ ಎಂದಿದೆ. ಉದ್ದೇಶ ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗ ಡಿಶ್ಶನ್ನು ಕಾರಿನಲ್ಲಿಟ್ಟುಕೊಂಡು ವರ್ಷಕ್ಕೆ ಐದು ತಿಂಗಳು ಊರಿಗೆ ಬಂದು ಇಲ್ಲಿಂದಲೇ ಕೆಲಸ ಮಾಡಿದರೆ ಅವನ ಡಿಶ್ ನಗರದ್ದೋ ಹಳ್ಳಿಯದೋ? ಕೊರೋನಾ ಕಾಲದಿಂದ ಹೀಗೆ ಹೋಗಿ ಬಂದು ಮಾಡುವ ಹುಡುಗರು ನಮ್ಮ ಒಂದೊಂದು ಊರಿನಲ್ಲೂ ನಾಲ್ಕೈದು ಜನ ಇದ್ದಾರೆ. ಅವರು ಊರಿಗೆ ಬರುವುದು ಕಡಿಮೆಯಾಗಲಿ ಎಂದು ಯಾರೂ ಬಯಸಿಲ್ಲ, ಅವರ ಅಪ್ಪ ಅಮ್ಮಂದಿರಂತೂ ಖಂಡಿತ ಇಲ್ಲ.

ಟವರ್ ಬರುವವರೆಗೆ ಕಾಯಿರಿ ಎಂದು ಹೇಳುವವರಿದ್ದಾರೆ. ಕಾಯುತ್ತಲೇ ಇದ್ದೇವೆ. 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಬೋರ್ಡು ಹಿಡಿದು ನಿಂತ ಸೀಮೆ ನಮ್ಮದು. 2022ರ ಜುಲೈನಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯಲ್ಲಿ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಟವರುಗಳು ನಮ್ಮ ಕಡೆಯೂ ಕೆಲವು ಎದ್ದಿವೆ, ಅದಕ್ಕೆ ಕೃತಜ್ಞತೆ ಇದೆ. ಆದರೆ ಕಣಿವೆಯೊಳಗೆ ಒಂದೊಂದು ಮನೆ ಒಂದೊಂದು ತೋಟದ ತಲೆಯಲ್ಲಿರುವ ಊರಿಗೆ ಎಷ್ಟು ಟವರ್ ಹಾಕಿದರೂ ಒಂದು ಗುಡ್ಡ ಅಡ್ಡ ಉಳಿದೇ ಇರುತ್ತದೆ.

ಭದ್ರತೆಯ ಮಾತಿಗೆ ಬರುತ್ತೇನೆ. ನಿಮ್ಮ ತಲೆಯಲ್ಲಿರುವುದು ಅದೇ ಎಂದು ಗೊತ್ತು. 2024ರ ಕೊನೆಯಲ್ಲಿ ಅಂಡಮಾನ್ ಬಳಿ ಹಿಡಿದ ದೋಣಿಯಲ್ಲಿ ಸಾವಿರಾರು ಕಿಲೋ ಮಾದಕ ವಸ್ತುವಿನ ಜೊತೆ ಸ್ಟಾರ್‌ಲಿಂಕ್ ಸಾಧನ ಸಿಕ್ಕಿತು. ಆ ಡಿಸೆಂಬರಿನಲ್ಲಿ ಮಣಿಪುರದಲ್ಲಿ ಬಂದೂಕುಗಳ ಜೊತೆ ಇನ್ನೊಂದು. 2008ರ ಮುಂಬೈ ದಾಳಿಯಲ್ಲಿ ಸ್ಯಾಟಲೈಟ್ ಫೋನ್ ಬಳಕೆಯಾದದ್ದನ್ನು ದೇಶ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ನಮ್ಮದೇ ತಾಲ್ಲೂಕಿನ ಕಾಡಿನಲ್ಲಿ ನಕ್ಸಲ್ ಕೂಂಬಿಂಗ್ ನಡೆದ ದಿನಗಳನ್ನು ನೋಡಿದವನು ನಾನು. ರಾತ್ರಿ ಬಾಗಿಲು ತಟ್ಟಿದರೆ ಪೊಲೀಸರೋ ಅವರೋ ಎಂದು ಉಸಿರು ಬಿಗಿಹಿಡಿದು ಕೂತಿದ್ದೇವೆ. ಕಾಡಿನಲ್ಲಿ ಯಾರು ಬೇಕಾದರೂ ಡಿಶ್ ಹೊತ್ತು ತಿರುಗಲಿ ಎಂದು ನಾನು ಹೇಳುವುದಿಲ್ಲ.

ಆದರೆ 2025ರ ಮೇ ತಿಂಗಳಲ್ಲಿ ನೀವೇ ಕಂಪನಿಗಳಿಗೆ ಹಾಕಿದ ಭದ್ರತಾ ಷರತ್ತುಗಳನ್ನು ಒಮ್ಮೆ ನೋಡಿ. ಪ್ರತಿ ಡಿಶ್ಶೂ ಇರುವ ಜಾಗವನ್ನು, ಅದು ಸ್ಥಿರವಾಗಿರಲಿ ಓಡಾಡುತ್ತಿರಲಿ, ಅಕ್ಷಾಂಶ ರೇಖಾಂಶ ಸಮೇತ ಭದ್ರತಾ ಸಂಸ್ಥೆಗಳು ಕೇಳಿದಾಗ ಕೊಡಬೇಕು. ಹೊರದೇಶದಲ್ಲಿ ನೋಂದಾದ, ಇಲ್ಲಿ ನೋಂದಾಗದ ಡಿಶ್ ಇಲ್ಲಿ ಕೆಲಸ ಮಾಡಬಾರದು. ದೇಶದ ಗಡಿಯಿಂದ 50 ಕಿಲೋಮೀಟರ್ ಒಳಗಿನ ಪ್ರದೇಶದ ಮೇಲೆ, ಸಮುದ್ರದಲ್ಲಿ 200 ನಾಟಿಕಲ್ ಮೈಲಿಯವರೆಗೆ ವಿಶೇಷ ನಿಗಾ. ಇವೆಲ್ಲ ಸರಿ. ನನ್ನ ಪ್ರಶ್ನೆ ಇಷ್ಟೆ: ಡಿಶ್ ತಾನಿರುವ ಜಾಗವನ್ನು ತಾನೇ ಹೇಳುತ್ತಿರುವಾಗ, ಅದನ್ನೇ ಇನ್ನೊಮ್ಮೆ ನಾನು ಅರ್ಜಿ ಬರೆದು, ಝೆರಾಕ್ಸ್ ಲಗತ್ತಿಸಿ, ಯಾರದೋ ಸಹಿಗಾಗಿ ಯಾಕೆ ಕಾಯಬೇಕು? ಹಳೆಯ ವಿಸ್ಯಾಟ್ ಮೂಕ ಪ್ರಾಣಿ, ಅದರ ಪರವಾಗಿ ಕಾಗದ ಮಾತಾಡಬೇಕಿತ್ತು. ಇದು ಬಾಯಿರುವ ಪ್ರಾಣಿ.

ಹಾಗಾಗಿ ನನ್ನ ಬೇಡಿಕೆ: ಡಿಶ್ಶನ್ನು ಒಂದು ಚುಕ್ಕಿಗೆ ಕಟ್ಟಬೇಡಿ, ಒಬ್ಬ ಮನುಷ್ಯನಿಗೂ ಒಂದು ಸೀಮೆಗೂ ಕಟ್ಟಿ. ಗುರುತಿನ ಚೀಟಿ ನೋಡಿ ಕೊಡಿ, ಬೆರಳಚ್ಚು ತೆಗೆದುಕೊಳ್ಳಿ, ಅಭ್ಯಂತರವಿಲ್ಲ. ಅವನ ತಾಲ್ಲೂಕು ಮತ್ತು ಪಕ್ಕದ ತಾಲ್ಲೂಕುಗಳೊಳಗೆ ಅವನು ಎಲ್ಲಿ ಬೇಕಾದರೂ ಎತ್ತಿಡಲಿ. ಅದರಾಚೆ ಒಯ್ಯುವುದಾದರೆ ಫೋನಿನಲ್ಲಿ ಒಂದು ಮೆಸೇಜು, 'ತಿಳಿಸಿದ್ದೇನೆ' ಎಂದು. 'ಅಪ್ಪಣೆ ಕೊಡಿ' ಎಂದಲ್ಲ. ನಿಗಾ ವಲಯದೊಳಗೆ ಕಾಲಿಟ್ಟರೆ ಡಿಶ್ ತಾನೇ ನಿಲ್ಲಲಿ, ಅಲ್ಲಿ ಅಪ್ಪಣೆ ಬೇಕು ಎನ್ನಿ. 2023ರ ದೂರಸಂಪರ್ಕ ಕಾಯ್ದೆಯ ಮೂರನೇ ಕಲಮು ರೇಡಿಯೋ ಸಾಧನ ಇಟ್ಟುಕೊಳ್ಳಲೂ ಅಧಿಕಾರಪತ್ರ ಬೇಕು ಎನ್ನುತ್ತದೆ, ಸಾರ್ವಜನಿಕ ಹಿತಕ್ಕಾಗಿ ವಿನಾಯಿತಿ ಕೊಡುವ ಅಧಿಕಾರವನ್ನೂ ಅದೇ ಕಲಮು ನಿಮಗೆ ಕೊಟ್ಟಿದೆ. ಹೊಸ ಕಾಯ್ದೆ ಬೇಕಿಲ್ಲ.

ಬೇರೆಡೆ ಇದೇ ಜಗಳ ಆಗಿ ಮುಗಿದಿದೆ. ಅಮೆರಿಕದಲ್ಲಿ 2000ದ ಸುಮಾರಿಗೆ ಮನೆಗಳಿಗೆ ಎರಡೂ ಕಡೆ ಮಾತಾಡುವ ಡಿಶ್ ಬಂದಾಗ ತರಬೇತಾದವರೇ ಕೂರಿಸಬೇಕು ಎಂದಿದ್ದರು. ಮನೆಯನ್ನೇ ಗಾಡಿ ಮಾಡಿಕೊಂಡು ಊರೂರು ಸುತ್ತುವವರು ಮೂರು ಕಾಲಿನ ಸ್ಟ್ಯಾಂಡ್ ಇಟ್ಟುಕೊಂಡು ತಾವೇ ಗುರಿ ಹಿಡಿಯಲು ಕಲಿತು ಗೊಣಗುತ್ತಿದ್ದರು. 2020ರ ಮಾರ್ಚ್‌ನಲ್ಲಿ ಅಲ್ಲಿನ ಸಂಪರ್ಕ ಆಯೋಗ ಒಂದೇ ಪರವಾನಗಿಯಲ್ಲಿ ಸ್ಟಾರ್‌ಲಿಂಕ್‌ನ ಹತ್ತು ಲಕ್ಷ ಡಿಶ್ಶಿಗೆ ಒಪ್ಪಿಗೆ ಕೊಟ್ಟಿತು, 2022ರಲ್ಲಿ ಓಡುವ ವಾಹನದ ಮೇಲೂ ಆಗಬಹುದು ಎಂದಿತು. ಅದಕ್ಕಿಂತ ನನಗೆ ಹಿಡಿಸಿದ್ದು ಅವರಲ್ಲಿ 1996ರಲ್ಲಿ ಟಿವಿ ಡಿಶ್ಶಿಗೆಂದು ಬಂದು, ಆಮೇಲೆ ಬಾಡಿಗೆ ಮನೆಗೂ ಇಂಟರ್‌ನೆಟ್ ಡಿಶ್ಶಿಗೂ ವಿಸ್ತರಿಸಿದ ಒಂದು ನಿಯಮ: ಒಂದು ಮೀಟರಿಗಿಂತ ಚಿಕ್ಕ ಡಿಶ್ಶನ್ನು ಒಬ್ಬ ತನ್ನ ಸ್ವಾಧೀನದ ಜಾಗದಲ್ಲಿ ಇಟ್ಟರೆ ಬಡಾವಣೆ ಸಂಘವಾಗಲಿ ಮನೆ ಮಾಲೀಕನಾಗಲಿ ಸುಮ್ಮನೆ ಅಡ್ಡ ಬರುವಂತಿಲ್ಲ. ನಮ್ಮಲ್ಲಿ ಅದು ಬೇಕಾಗುವುದು ಬಾಡಿಗೆ ಮನೆಯ ಮೇಷ್ಟ್ರಿಗೆ, ಎಸ್ಟೇಟ್ ಲೈನಿನಲ್ಲಿರುವ ಕೂಲಿಯವರಿಗೆ. ಪಂಚಾಯ್ತಿಯಿಂದ ಎನ್‌ಒಸಿ ತನ್ನಿ ಎಂದು ಒಂದು ಸಾಲು ನಿಯಮದಲ್ಲಿ ಸೇರಿಬಿಟ್ಟರೆ ಮುಗಿಯಿತು, ಮತ್ತೊಂದು ಮಳೆಗಾಲ.

ನಿಯಮವೇ ಬೇಡ ಎನ್ನುವವನಲ್ಲ ನಾನು. ಬೇಕಾದ ಕಡೆ ಬಿಗಿಯಾಗಿಯೇ ಇರಲಿ. ಹತ್ತು ವರ್ಷದ ಹಿಂದೆ ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಟಿವಿ ಡಿಶ್ ಎತ್ತರಕ್ಕೆ ಬೇಕೆಂದು ಇಪ್ಪತ್ತಡಿಯ ಜಿಐ ಪೈಪ್ ನಿಲ್ಲಿಸಲು ಹೋದ. ಮೇಲೆ 11 ಕೆವಿ ಲೈನ್ ಇದ್ದದ್ದು ಅಡಿಕೆ ಸೋಗೆಯ ಮರೆಯಲ್ಲಿ ಕಾಣಲಿಲ್ಲ. ಬದುಕಿದ, ಬಲಗೈ ಇಲ್ಲ. ಡಿಶ್ ಕೂರಿಸುವುದರಲ್ಲಿ ಜೀವ ತೆಗೆಯುವುದು ತರಂಗಾಂತರವಲ್ಲ, ಕರೆಂಟು ಲೈನು ಮತ್ತು ಸಿಡಿಲು. ಕಂಬಕ್ಕೆ ಅರ್ಥಿಂಗ್ ಇರಲೇಬೇಕು, ಲೈನಿನಿಂದ ಇಂತಿಷ್ಟು ದೂರ ಇರಲೇಬೇಕು, ಗುಡುಗಿನ ಹೊತ್ತಿಗೆ ವೈರ್ ಕಳಚಬೇಕು, ಮಕ್ಕಳು ಮುಖಕ್ಕೆ ಅಡ್ಡ ನಿಲ್ಲುವಷ್ಟು ಕೆಳಗೆ ಇಡಬಾರದು. ಇದನ್ನು ಚಿತ್ರ ಹಾಕಿ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಮಾಡಿ ಡಬ್ಬಿಯೊಳಗೇ ಇಡಲು ಕಂಪನಿಗಳಿಗೆ ಹೇಳಿ. ಹಳೆಯ ಬಗೆಯ ನಿಂತ ಉಪಗ್ರಹದ ಡಿಶ್ ಕೂರಿಸಲು ತರಬೇತಿ ಕಡ್ಡಾಯ ಇರಲಿ, ಆದರೆ ಆ ತರಬೇತಿ ಶಿವಮೊಗ್ಗದ ಐಟಿಐನಲ್ಲೂ ಸಿಗಲಿ. ಬೆಂಗಳೂರಿನಿಂದ ಬರುವ ಇಂಜಿನಿಯರಿನ ಓಡಾಟದ ಖರ್ಚಿನಲ್ಲಿ ಇಲ್ಲಿಯ ಮೂವರು ಹುಡುಗರು ಕಲಿಯುತ್ತಾರೆ. (ಹೌದು, ನನ್ನ ಹೊಟ್ಟೆಪಾಡೂ ಇದರಲ್ಲಿದೆ.)

ಮಳೆಯ ಬಗ್ಗೆ ಒಂದು ಮಾತು. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂತು. ಇಂಥ ದಿನ ಮೊದಲು ಸಾಯುವುದು ಕರೆಂಟು, ಆಮೇಲೆ ಬ್ಯಾಟರಿ ಮುಗಿದು ಟವರು. ಆ ಹೊತ್ತಿಗೆ ಊರಿನಲ್ಲಿ ಯಾರದೋ ಮನೆಯಲ್ಲಿ ಒಂದು ಡಿಶ್ ಇದ್ದು, ಜೀಪಿನ ಬ್ಯಾಟರಿಯಿಂದ ಅದು ನಡೆಯುತ್ತದೆ ಎಂದರೆ, ಅದನ್ನು ಎತ್ತಿ ಪರಿಹಾರ ಕೇಂದ್ರವಾಗಿರುವ ಶಾಲೆಗೆ ಒಯ್ಯುವವನು ಕಲಮು ನೋಡುತ್ತಾ ನಿಲ್ಲಬಾರದು. ವಿಪತ್ತಿನಲ್ಲಿ ಯಾರ ಡಿಶ್ಶನ್ನಾದರೂ ಎಲ್ಲಿಗಾದರೂ ಒಯ್ದು ಎಷ್ಟು ಜನರಾದರೂ ಬಳಸಬಹುದು, ತಿಳಿಸುವುದು ಆಮೇಲೆ, ಎಂದು ಸ್ಪಷ್ಟವಾಗಿ ಬರೆಯಿರಿ. ಹಾಗೆ ಬರೆಯದಿದ್ದರೆ ಒಳ್ಳೆಯ ಕೆಲಸ ಮಾಡಿದವನೇ ಆಮೇಲೆ ಠಾಣೆಯ ಬೆಂಚಿನ ಮೇಲೆ ಕೂರುತ್ತಾನೆ. ಅನುಮತಿಯಿಲ್ಲದ ಜಾಲ ಕಟ್ಟಿದವರಿಗೆ ಕಾಯ್ದೆಯಲ್ಲಿರುವುದು ಮೂರು ವರ್ಷದವರೆಗೆ ಜೈಲು ಅಥವಾ ಎರಡು ಕೋಟಿಯವರೆಗೆ ದಂಡ, ಎರಡೂ ಆಗಬಹುದು. ಎರಡು ಕೋಟಿ ಎಂದರೆ ನಮ್ಮ ಊರಿನ ಎಲ್ಲ ಮನೆಗಳ ಒಂದು ವರ್ಷದ ಅಡಿಕೆ ಸೇರಿಸಿದರೂ ಆಗುವುದು ಅನುಮಾನ. ಠಾಣೆಯಲ್ಲಿ ನೋಡಿ ಒಪ್ಪಿಕೊಳ್ಳುವಂಥ ಒಂದು ಗುರುತು, ಡಿಶ್ಶಿನ ಬೆನ್ನಿಗೆ ಅಂಟಿಸಿದ ಕ್ಯೂಆರ್ ಚೀಟಿಯೋ ಏನೋ, ಮಾಲೀಕನ ಹೆಸರು ತೋರಿಸುವಂಥದ್ದು ಇದ್ದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಕರ್ನಾಟಕದ ಹಳ್ಳಿಗೆ ಉಪಗ್ರಹ ಹೊಸತಲ್ಲ. 1975ರಲ್ಲಿ ಉಪಗ್ರಹದ ಮೂಲಕ ಹಳ್ಳಿಗೆ ಟಿವಿ ತೋರಿಸುವ ಸೈಟ್ ಪ್ರಯೋಗ ನಡೆದ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕೋಳಿಗೂಡಿನ ಬಲೆಯಿಂದ ಮಾಡಿದ ಹತ್ತಡಿಯ ಡಿಶ್ ನಿಲ್ಲಿಸಿ ಜನ ಟಿವಿ ನೋಡಿದರು. ನಮ್ಮ ಹಾಸನದಲ್ಲಿ 1980ರ ದಶಕದಿಂದ ದೇಶದ ಉಪಗ್ರಹಗಳನ್ನು ಅಂಕೆಯಲ್ಲಿಡುವ ಕೇಂದ್ರವಿದೆ. ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿರುವುದನ್ನು ಅಲ್ಲಿಂದ ತನ್ನ ಜಾಗ ಬಿಟ್ಟು ಹೋಗದಂತೆ ನೋಡಿಕೊಳ್ಳುತ್ತಾರೆ, ಇಲ್ಲಿ ಮುನ್ನೂರು ಮೀಟರ್ ಸರಿಸಿದ ಹಲಗೆಯನ್ನು ನೋಡಿಕೊಳ್ಳುವುದು ಕಷ್ಟವಾಗಲಾರದು.

ನಿಯಮದ ಕರಡು ಸಿದ್ಧವಾದಾಗ ದಯವಿಟ್ಟು ಕನ್ನಡದಲ್ಲೂ ಹಾಕಿ, ಅಭಿಪ್ರಾಯ ಕಳಿಸಲು ಮೂವತ್ತು ದಿನದ ಬದಲು ಅರವತ್ತು ದಿನ ಕೊಡಿ. ಅದನ್ನು ಡೌನ್‌ಲೋಡ್ ಮಾಡಲು ನಾವು ಗುಡ್ಡ ಹತ್ತಬೇಕು.

ಅಧಿಕಾರಿಗಳು ಯಾರಾದರೂ ಬಂದು ನೋಡುವುದಾದರೆ ಜುಲೈನಲ್ಲೇ ಬನ್ನಿ, ಬೇಸಿಗೆಯಲ್ಲಿ ಬಂದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಗಮ್‌ಬೂಟು ತನ್ನಿ, ಉಂಬಳಕ್ಕೆ ಸುಣ್ಣ ತಂಬಾಕು ನಾನು ಕೊಡುತ್ತೇನೆ. ಫೋನ್ ಮಾಡಿದರೆ ನಾನು ಸಿಗುವುದಿಲ್ಲ. ಬಸ್ಸಿಳಿದ ಜಾಗದಲ್ಲಿರುವ ಗೂಡಂಗಡಿಯಲ್ಲಿ ಡಿಶ್ಶಿನವ ಎಂದು ಕೇಳಿ, ಕೂಗಿ ಕರೆಯುತ್ತಾರೆ.

ಇಂತಿ ನಂಬುಗೆಯ,
ಹೊಸನಗರ ತಾಲ್ಲೂಕಿನ ಒಬ್ಬ ಡಿಶ್ ಕೂರಿಸುವವನು